ಲೆವೆಲ್ 17 ಬ್ಯಾಡ, 3ರಿಂದ ಸುರು ಮಾಡೋಣ

(ಆಟದ ಕಟ್ಟಿ, ಭಾಗ 9. ಉದ್ದ ಅದ, ಸ್ವೈಪ್ ಮಾಡ್ಕೋತ ಓದ್ರಿ.)

1/4

ಫೋಟೋದಾಗ ಕಾಣೋ ಆ ನೀಲಿ ಡೈಸ್ ನಮ್ಮ ಗ್ಯಾಂಗಿನ ಒಂದೇ ಒಂದು ಇಪ್ಪತ್ತು ಮುಖದ ಡೈಸ್. ಉಳಿದಾವೆಲ್ಲ ಲೂಡೋ ಡಬ್ಬಿದಾಗಿಂದು. ಬಿಕಾಂ ಕೊನೇ ಸೆಮ್ ನಡದದ, ಪರೀಕ್ಷಾಕ್ಕ ಮುಂಚೆ ಎಂಟು ಶನಿವಾರ ಉಳದಾವ. ಆ ಎಂಟು ಶನಿವಾರ ಯಾವ ಲೆವೆಲ್‌ನಾಗ ಆಡ್ಬೇಕು ಅನ್ನೋದೇ ಈಗ ನಮ್ಮೊಳಗ ಜಗಳ. ನಾ ಆಳಂದದಾಂವ, 3 ಅಂತೀನಿ. ಅಫಜಲಪುರದಾಂವ ಯಾವ್ದಾದ್ರೂ ನಡೀತದ, ಬಸ್ ತಪ್ಪಬಾರ್ದು ಅಷ್ಟೇ ಅಂತಾನ. ಜೇವರ್ಗಿಯಾಕಿ 17 ಅಂತಾಳ, ಒಂದು ಕಡಿಮಿ ಇಲ್ಲ.

ಹೊಸದಾಗಿ ಫಾಲೋ ಮಾಡಿದವ್ರಿಗೆ ಎರಡೇ ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರ ಬಾಯಿಲೆ ಕಥಿ ಹೇಳಿ ಆಡೋ ಆಟ. 1974ರಾಗ ಅಮೆರಿಕಾದಾಗ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ರು ತಂದಿದ್ದು. ಒಬ್ಬ ಡಿಎಂ ಊರು, ಕಾಡು, ರಾಕ್ಷಸ ಎಲ್ಲಾ ಹೇಳ್ತಾನ (ನಮ್ಮಲ್ಲಿ ಅದು ನಾನು). ಉಳಿದವ್ರು ಒಂದೊಂದು ಪಾತ್ರ ಆಗ್ತಾರ. ಆಗ್ತದೋ ಇಲ್ಲೋ ಅನ್ನೋದು ಡೈಸ್ ಹೇಳ್ತದ. ಪಾತ್ರಕ್ಕ ಲೆವೆಲ್ ಇರ್ತಾವ, 1ರಿಂದ 20. ಪುಸ್ತಕ ತುಟ್ಟಿ ಅಂತ ಹಿಂದ ಸರೀಬ್ಯಾಡ್ರಿ, 5ನೇ ಆವೃತ್ತಿಯ ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಾಗ ಪುಕ್ಕಟೆ ಸಿಗ್ತಾವ. ನಾವು ಆಡೋದು ಅದೇ ಪಿಡಿಎಫ್ ಇಟ್ಕೊಂಡು.

2/4

ಮೊದ್ಲು ಲೆಕ್ಕ. ಫಸ್ಟ್ ಇಯರ್ ಎಕನಾಮಿಕ್ಸ್‌ನಾಗ ಮಾರ್ಜಿನಲ್ ಯುಟಿಲಿಟಿ ಓದಿದ್ದು ನೆನಪದಾ? ಮೊದಲ್ನೇ ಮಿರ್ಚಿ ಅಮೃತ, ಏಳನೇದು ಶಿಕ್ಷಾ. ಲೆವೆಲ್‌ನೂ ಹಂಗೇ. 1ರಿಂದ 2ಕ್ಕ ಹೋಗ್ಲಿಕ್ಕೆ 300 ಪಾಯಿಂಟ್ ಸಾಕು. ಸಾದಾ ಮೈಕಟ್ಟಿನ ವಿಝಾರ್ಡ್‌ನ ಜೀವ 6 ಇದ್ದದ್ದು 10 ಆಗ್ತದ. 19ರಿಂದ 20ಕ್ಕ 50,000 ಪಾಯಿಂಟ್ ಬೇಕು, ಆವಾಗ 78 ಇದ್ದದ್ದು 82 ಆಗ್ತದ. ಅದೇ ನಾಕು. ಯಾವ ನಾಕರ ಕಿಮ್ಮತ್ತು ಹೆಚ್ಚು, ನೀವೇ ಹೇಳ್ರಿ.

ಆ 6 ಜೀವದ ಮುಂದ ಒಂದು ಗಾಬ್ಲಿನ್ ನಿಂತದ ಅನ್ಕೋರಿ. ಅದರ ಕತ್ತಿ ತಾಗಿತಂದ್ರ ಒಂದು ಲೂಡೋ ಡೈಸ್, ಮ್ಯಾಲ 2. ಅಂದ್ರ ತಾಗಿದ ಎರಡು ಸಲದಾಗ ಒಂದು ಸಲ ವಿಝಾರ್ಡ್ ನೆಲಕ್ಕ. ಅದಕ್ಕ ಲೆವೆಲ್ 1ರಾಗ ಯಾರೂ ಸುಮ್‌ಸುಮ್ಕ ಕತ್ತಿ ಎಳಿಯಲ್ಲ. ಮಾತಾಡ್ತಾರ, ಅಡಗ್ತಾರ, ಸುಳ್ಳು ಹೇಳ್ತಾರ, ಊಟ ಕೊಟ್ಟು ದೋಸ್ತಿ ಮಾಡ್ತಾರ. ಕಥಿ ಹುಟ್ಟೋದು ಅಲ್ಲೇ.

ಹಂಗಂತ 1ರಾಗೇ ಕುಂದ್ರಬೇಕು ಅಂತಿಲ್ಲ. ಒಂದು ಕೆಟ್ಟ ಡೈಸಿಗೆ ಪಾತ್ರ ಸತ್ತು, ಆ ಮನಷಾ ಮುಂದಿನ ಎರಡು ತಾಸು ಮೊಬೈಲ್ ನೋಡ್ಕೋತ ಕೂಡೋದು ಮಜಾ ಅಲ್ಲ. ನನಗ ಸೇರೋದು 3ರಿಂದ 6. 3ಕ್ಕ ಬರೋದ್ರಾಗ ಪ್ರತಿ ಪಾತ್ರಕ್ಕೂ ತನ್ನ ದಾರಿ ಸಿಕ್ಕಿರ್ತದ. 5ಕ್ಕ ವಿಝಾರ್ಡ್‌ಗೆ ಫೈರ್‌ಬಾಲ್ ಬರ್ತದ: ಎಂಟು ಲೂಡೋ ಡೈಸ್ ಬೆಂಕಿ, ಸುಮಾರು ನಮ್ಮ ಸರಕಾರಿ ಬಸ್ಸಿನಷ್ಟು ಅಗಲದ ವೃತ್ತದಾಗ. ಫೈಟರ್ ಒಂದೇ ಸರದಿಗೆ ಎರಡು ಏಟು ಹೊಡೀತಾನ. ಶಕ್ತಿ ಬಂದದ, ಆದ್ರೂ ಹಸಿವು, ಸಾಲ, ಮುರದ ಸೇತುವೆ ಇನ್ನೂ ಸಮಸ್ಯಾನೇ. ಇದು ನನ್ನೊಬ್ಬನ ಹುಚ್ಚಲ್ಲ. ಹಳೇ ಮೂರನೇ ಆವೃತ್ತಿ ಆಡೋರು ‘ಇ6’ ಅಂತ ಒಂದು ಪದ್ಧತಿನೇ ಮಾಡ್ಕೊಂಡಿದ್ರು. 6 ಮುಟ್ಟಿದ ಮ್ಯಾಲ ಲೆವೆಲ್ ಏರಂಗಿಲ್ಲ, ಸಣ್ಣ ಸಣ್ಣ ಕಲೆ ಮಾತ್ರ ಕಲೀಬಹುದು.

ನೀರಿನ ಲೆಕ್ಕ ನೋಡ್ರಿ, ನಮ್ಮ ಬಿಸಿಲಿಗೆ ಲಗೂ ತಿಳೀತದ. ದೇವರ ಹೆಸರಿನಾಗ ಮಂತ್ರ ಹಾಕೋ ಕ್ಲೆರಿಕ್ ಲೆವೆಲ್ 1ರಾಗ ಒಂದು ಮಂತ್ರಕ್ಕ 10 ಗ್ಯಾಲನ್ ನೀರು ತರಬಹುದು. ಹಂಗ ದಿನಕ್ಕ ಎರಡೇ ಮಂತ್ರ. ಎರಡೂ ನೀರಿಗೇ ಹಾಕಿದ್ರ ಸುಮಾರು 75 ಲೀಟರ್, ಐದು ಕೊಡ. ಲೆವೆಲ್ 15ಕ್ಕ ಬಂದ್ರ ಅದೇ ಕ್ಲೆರಿಕ್ ಸುತ್ತ ಐದು ಮೈಲಿ ಹವಾಮಾನಾನೇ ಬದಲಾಯಿಸ್ತಾಳ. ಬರಗಾಲದ ಕಥಿ ಅಲ್ಲೇ ಖತಂ. ಐದು ಕೊಡ ಇದ್ದಾಗ ಯಾರ ಮನಿಗೆ ಮೊದ್ಲು ಅನ್ನೋ ಪ್ರಶ್ನೆ ಬರ್ತದ. ಮಳೀನೇ ತರಿಸ್ದಾಗ ಏನೂ ಬರಂಗಿಲ್ಲ.

3/4

ಕ್ಯಾಪ್ಷನ್ ಜಾಗ ಸಾಲಲ್ಲ, ಆದ್ರೂ ಇದನ್ನ ಹೇಳ್ಲೇಬೇಕು.

ಹೋದ ವರ್ಷದ ಆಟ. ಲೆವೆಲ್ 1, ಬಾವಿ ಬತ್ತಿದ ಊರು. ಜೇವರ್ಗಿಯಾಕಿ ಕ್ಲೆರಿಕ್, ಅಫಜಲಪುರದಾಂವ ಫೈಟರ್. ಅಕಿ ಹತ್ರ ಒಂದೇ ಮಂತ್ರ ಉಳದಿತ್ತು. ಒಂದು ಕಡಿ ಫೈಟರ್ ರಕ್ತ ಸುರಿಸ್ಕೋತ ಬಿದ್ದಾನ, ಎರಡು ಸಾವಿನ ಡೈಸ್ ಕೆಟ್ಟು ಬಿದ್ದಾವ, ಮೂರನೇದು ಕೆಟ್ರ ಮುಗೀತು. ಇನ್ನೊಂದು ಕಡಿ ನೀರಿಲ್ದ ಕಣ್ಣು ಮ್ಯಾಲ ಮಾಡಿದ ಕೂಸು. ಮಂತ್ರ ಯಾರಿಗೆ? ಖಾಲಿ ಕ್ಲಾಸ್‌ರೂಮಿನಾಗ ಐದು ನಿಮಿಷ ಫ್ಯಾನಿನ ಸಪ್ಪಳ ಬಿಟ್ರ ಏನಿಲ್ಲ. ಅಕಿ ನೀರು ಕೂಸಿಗೆ ಅಂದ್ಲು. ಫೈಟರ್‌ಗೆ ಬರೀ ಕೈಲೆ ಪಟ್ಟಿ ಕಟ್ತೀನಿ ಅಂದ್ಲು. ಅದಕ್ಕ ಡೈಸ್‌ನಾಗ ಒಟ್ಟು 10 ಬರಬೇಕು, ಅಕಿ ಬೋನಸ್ 3. ಎಸದ್ಲು. 7.

ನಾವು ಕೂಗಿದ್ದಕ್ಕ ಜವಾನ ಕಾಕಾ ಓಡಿ ಬಂದು “ಏನಾತ್ರೆಪಾ, ಹಾವು ಬಂತೇನು?” ಅಂದ್ರು.

(ಬಿದ್ದವ್ರನ್ನ ಮುಟ್ಟಿದ್ರ ಸಾಕು, ಸಾಯಲಾರದಂಗ ಹಿಡಿಯೋ ಒಂದು ಪುಕ್ಕಟೆ ಕ್ಯಾಂಟ್ರಿಪ್ ಅದ. ಅಕಿ ಅದನ್ನ ತಗೊಂಡೇ ಇರಲಿಲ್ಲ. ಇವತ್ತಿಗೂ ಬೈತೀವಿ.)

ದಸರಾ ರಜಾದಾಗ ಒಂದು ಸಲ ಲೆವೆಲ್ 17ನೂ ಆಡಿ ನೋಡಿದ್ವಿ. ನಾ ಹೊಳಿ ತುಂಬಿ ಊರಿಗೆ ನೀರು ನುಗ್ಗಿದ್ದು ಇಟ್ಟಿದ್ದೆ. ಜೇವರ್ಗಿಯಾಕಿ ವಿಝಾರ್ಡ್ ಆಗಿದ್ಲು, ‘ವಿಶ್’ ಅನ್ನೋ ಮಂತ್ರ ಹಾಕಿದ್ಲು. ಒಂದೇ ವಾಕ್ಯ, ಹೊಳಿ ಹಿಂದ ಸರೀತು. ನಲ್ವತ್ತು ನಿಮಿಷಕ್ಕ ಆಟ ಮುಗೀತು. ಅಫಜಲಪುರದಾಂವ ಮೆಲ್ಲಕ “ಹೊಳಿ ಹಿಂಗ ಹೋಗ್ತದೇನು?” ಅಂದ. 2020ರ ಅಕ್ಟೋಬರ್‌ನಾಗ ಭೀಮಾ ನದಿ ಊರೊಳಗ ಬಂದಾಗ ಅಂವ ಇನ್ನೂ ಹೈಸ್ಕೂಲಿನಾಗಿದ್ದ. ರಾತ್ರಿ ಇಡೀ ಅಪ್ಪನ ಜೋಡಿ ಜ್ವಾಳದ ಚೀಲ ಮಾಳಗಿ ಮ್ಯಾಲ ಏರ್ಸಿದಾಂವ. ಅಂವಗ ಆ ಆಟ ಸೇರಲಿಲ್ಲ. ನನಗೂ.

ಮಹಾಭಾರತದಾಗ ನೋಡ್ರಿ. ಕೃಷ್ಣ ಅಂದ್ರ ಲೆವೆಲ್ 20 ಪಾತ್ರ. ಅಂಥಾಂವ ಪಾಂಡವರ ಪಾರ್ಟಿದಾಗ ಇದ್ದಾನ ಅಂದ್ರ ಯುದ್ಧ ಒಂದೇ ದಿನಕ್ಕ ಮುಗೀಬೇಕಿತ್ತು. ಅದಕ್ಕೇ ‘ಆಯುಧ ಹಿಡಿಯಲ್ಲ, ಬರೀ ರಥ ಹೊಡೀತೀನಿ’ ಅನ್ನೋ ಷರತ್ತು. ವ್ಯಾಸರಷ್ಟು ಶ್ಯಾಣ್ಯಾ ಡಿಎಂ ಬ್ಯಾರೆ ಯಾರೂ ಇಲ್ಲ. ಮತ್ತ ನಮಗ ಹೊಟ್ಟಿ ಉರಿಯೋದು ಯಾರಿಗಾಗಿ? ಚಕ್ರವ್ಯೂಹದ ಒಳಗ ಹೋಗೋದು ಗೊತ್ತಿತ್ತು, ಹೊರಗ ಬರೋದು ಗೊತ್ತಿರಲಿಲ್ಲಲ್ಲ, ಆ ಹುಡುಗನಿಗಾಗಿ. ಅಭಿಮನ್ಯು ನನ್ನ ಲೆಕ್ಕದಾಗ ಲೆವೆಲ್ 5, ಹೆಚ್ಚಂದ್ರ 6.

4/4

ಇಷ್ಟೆಲ್ಲಾ ಹೋದ ಶನಿವಾರ ಅಕಿಗೆ ಹೇಳಿದೆ. ಗೆದ್ದೆ ಅನ್ಕೊಂಡಿದ್ದೆ. ಅಕಿ ಶಾಂತವಾಗಿ ಅಂದಿದ್ದು ಇಷ್ಟು (ಬರಿ ಅಂತ ಅಕಿನೇ ಹೇಳ್ಯಾಳ):

“ನೀ ಮನಿಗೆ ಹೋದ ಮ್ಯಾಲನೂ ನಿನ್ನ ಲೆವೆಲ್ ನಿನಗಿರ್ತದ. ನಂದು ದಿನಾ ಒಂದೇ ಅದ. ಎಲ್ಲಿ ಹೋಗ್ಬೇಕು, ಎಷ್ಟಕ್ಕ ಬರ್ಬೇಕು, ಎಂಕಾಂ ಓದ್ಬೇಕೋ ಬ್ಯಾಡೋ, ಎಲ್ಲಾ ಬ್ಯಾರೆಯವ್ರೇ ಡೈಸ್ ಎಸೀತಾರ. ರಿಸಲ್ಟ್ ಬಂದ ಮ್ಯಾಲ ವರ ನೋಡೋದು ಸುರು ಆಗ್ತದ. ಆಟದಾಗರೆ ಒಂದ್ಸಲ ಯಾರೂ ‘ಬ್ಯಾಡ’ ಅನ್ನಲಾರದಂಥಾಕಿ ಆಗ್ತೀನಿ, ಬಿಡು.”

ನನ್ನ ಮಾರ್ಜಿನಲ್ ಯುಟಿಲಿಟಿ ಅಲ್ಲೇ ಮುಚ್ಕೊಂಡು ಕೂತ್ತು. ಇದಕ್ಕ ಉತ್ತರ ನನ್ನ ಹತ್ರ ಇಲ್ಲ. ಲೆವೆಲ್ 3 ಚಲೋ ಅಂತ ಹೇಳೋ ಧೈರ್ಯ, ಮನ್ಯಾಗ ಯಾರೂ ಏನೂ ಕೇಳಲಾರದವನಿಗೆ ಭಾಳ ಸಸ್ತಾ ಸಿಗ್ತದ ಅನ್ನಿಸ್ತು.

ಆದ್ರೂ ಬಸ್ಸಿನಾಗ ಬರ್ವಾಗ ಒಂದು ತಲ್ಯಾಗ ಬಂತು, ಅಕಿಗೆ ಮೆಸೇಜ್ ಹಾಕಿದೆ. ವರ್ಷ ಆಯ್ತು, ನೀ ಎಲ್ಲರ ಮುಂದೂ ಹೇಳೋದು ಆ 7ರ ಕಥಿ. ಹೊಳಿ ಹಿಂದ ಸರಿಸಿದ್ದು ಒಂದ್ಸಲನೂ ಹೇಳಿಲ್ಲ. ಆ ದಿನ ‘ಬ್ಯಾಡ, ಮೊದ್ಲು ಫೈಟರ್’ ಅಂತ ಎಲ್ಲರೂ ಅಂದ್ವಿ, ನೀ ಕೇಳ್ಲಿಲ್ಲ. ಆವಾಗ ನಿನ್ನ ಜೀವ ಇದ್ದದ್ದು ಮೂರೇ.

ಒಂದು ತಾಸು ಬ್ಲೂ ಟಿಕ್. ಆಮ್ಯಾಲ ಬಂತು: “ಸರಿ. ಏಳು ಶನಿವಾರ ನಿಂದು, ಎಂಟನೇದು ನಂದು.”

ಹಂಗಾಗಿ ತೀರ್ಮಾನ ಇದು. ಹಳೇ ಪಾತ್ರಗಳೇ, ಲೆವೆಲ್ 3ರಿಂದ ಸುರು, ಏಳನೇ ವಾರಕ್ಕ 6. ಎಂಟನೇ ವಾರ ಕಥಿಯೊಳಗ ಹತ್ತು ವರ್ಷ ಕಳದಿರ್ತಾವ, ಎಲ್ಲರೂ 17, ಅದೇ ಬತ್ತಿದ ಬಾವಿಯ ಊರಿಗೆ ವಾಪಸ್. ಆ ಕೂಸಿಗೆ ಆವಾಗ ಹನ್ನೊಂದು ವರ್ಷ ಆಗಿರ್ತದ. ಅದು ಏನು ಕೇಳ್ತದ ಅನ್ನೋದು ನಾ ಇನ್ನೂ ಬರದಿಲ್ಲ.

ಎರಡು ಜಾಗ ಖಾಲಿ ಅವ. ಬರೋರು ಕಾಮೆಂಟ್‌ನಾಗ ನಿಮ್ಮ ಲೆವೆಲ್ ಎಷ್ಟು ಬೇಕು, ಯಾಕ ಬೇಕು ಹೇಳ್ರಿ. ಶನಿವಾರ ಎರಡಕ್ಕ, ಪೆನ್ಸಿಲ್ ನಿಮ್ದೇ ತರ್ರಿ. ಮತ್ತ ಜೇವರ್ಗಿಯವ್ರ, ಈ ಸಲನೂ ಆ ಕ್ಯಾಂಟ್ರಿಪ್ ತಗೋಳೋ ಹಾದಿ ಇಲ್ಲ ಅಂತ ನನಗ ಗೊತ್ತದ.

#ಆಟದಕಟ್ಟಿ #ಲೆವೆಲ್3 #ಆಳಂದ #ಅಫಜಲಪುರ #ಜೇವರ್ಗಿ #ಡಿಎಂಕಷ್ಟ