ಸೂಜಿ ಕೊಟ್ಟ ಸರ್ಕಾರ ವಿದ್ಯೆಯನ್ನೂ ಕೊಡಲಿ

ಗಿರಣಿಗೆ ಹೊಸ ಯಂತ್ರ ತಂದು, ನಡೆಸುವ ಬಗೆ ಕಲಿಸದೆ, ಕೆಟ್ಟಾಗ ಕಾರ್ಮಿಕನ ಸಂಬಳ ಹಿಡಿದರೆ ನಾವು ಸುಮ್ಮನಿರುತ್ತೇವೆಯೇ? ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ದುಡಿಯುವ ನರ್ಸಮ್ಮನ ಪಾಡು ಇದೇ ಆಗಿದೆ.

ನಮ್ಮಲ್ಲಿ ಅನೇಕರು ಹೊಟ್ಟೆಪಾಡಿಗೆ ಪಟ್ಟಣ ಸೇರಿದವರು. ವಯಸ್ಸಾದ ತಾಯಿ, ಬಸುರಿ ತಂಗಿ ಊರಿನಲ್ಲೇ ಇದ್ದಾರೆ. ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಅಲ್ಲಿ ಡಾಕ್ಟರಿಲ್ಲ, ಇರುವವಳು ನರ್ಸಮ್ಮ. ಹೆರಿಗೆ, ಲಸಿಕೆಗಳ ಜೊತೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ಹಂಚುವ ಕೆಲಸವೂ ಈಗ ಉಪಕೇಂದ್ರದ ಹೆಗಲೇರಿದೆ.

ಔಷಧಶಾಸ್ತ್ರವೆಂದರೆ ಪಂಡಿತರ ಸೊತ್ತಲ್ಲ. ಯಾವ ಮದ್ದು, ಎಷ್ಟು, ಯಾರಿಗೆ ಕೂಡದು, ಕೊಟ್ಟ ಮೇಲೆ ಏನನ್ನು ಗಮನಿಸಬೇಕು—ಇಷ್ಟೇ. ಆಕ್ಸಿಟೋಸಿನ್ನನ್ನೇ ನೋಡಿ. ಮಗು ಹುಟ್ಟಿದ ಕೂಡಲೆ 10 ಯೂನಿಟ್ ಚುಚ್ಚಿದರೆ ಬಾಣಂತಿಯ ರಕ್ತಸ್ರಾವ ತಡೆಯುತ್ತದೆ. ಬೇಗ ಹೆರಿಗೆಯಾಗಲೆಂದು ಮನೆಯವರ ಒತ್ತಾಯಕ್ಕೆ ಮೊದಲೇ ಚುಚ್ಚಿದರೆ ಗರ್ಭಕೋಶವೇ ಹರಿಯಬಹುದು. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡದಿದ್ದರೆ ಅದರ ಶಕ್ತಿ ಕುಂದುತ್ತದೆ. ಬಸುರಿಗೆ ರಕ್ತದೊತ್ತಡವೇರಿ ಫಿಟ್ಸ್ ಬಂದಾಗ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಜೀವ ಉಳಿಸುತ್ತದೆ. ಪ್ರಮಾಣ ಮೀರಿದರೆ ಉಸಿರನ್ನೇ ನಿಲ್ಲಿಸುತ್ತದೆ. ವ್ಯಾಪಾರಿ ಬಂಧುಗಳು ತಕ್ಕಡಿಯ ಬೆಲೆ ಬಲ್ಲವರು. ಅಂಗಡಿಯಲ್ಲಿ ತೂಕ ತಪ್ಪಿದರೆ ಕಾಸು ಹೋದೀತು, ಇಲ್ಲಿ ತಾಯಿಯೇ ಹೋಗುತ್ತಾಳೆ.

ನಾನು ಮೇಷ್ಟರಾಗಿದ್ದವನು, ಒಮ್ಮೆ ಹೇಳಿದ್ದೇ ಪಾಠವಲ್ಲವೆಂದು ಬಲ್ಲೆ. ಒಬ್ಬ ನರ್ಸಮ್ಮ ನನಗೆ ಹೇಳಿದಳು: "ತರಬೇತಿ ಅಂದರೆ ಒಂದು ದಿನ, ಮೇಷ್ಟ್ರೇ. ಸಹಿ ಹಾಕಿ, ಇಂಗ್ಲಿಷ್ ಹಾಳೆ ತಗೊಂಡು ಬರೋದು. ಅನುಮಾನ ಬಂದರೆ ಕೇಳೋಣ ಅಂದರೆ ಬೈತಾರೆ." ಕೇಳಲು ಹೆದರುವವಳ ಕೈಯಲ್ಲಿ ಸೂಜಿ ಕೊಡುವುದು ಯಾವ ನ್ಯಾಯ?

ಡಾಕ್ಟರಿರಬೇಕಾದಲ್ಲಿ ನರ್ಸಿಗೇಕೆ ಔಷಧಶಾಸ್ತ್ರವೆಂದು ಕೆಲವರು ಕೇಳುತ್ತಾರೆ. ಡಾಕ್ಟರ ಹುದ್ದೆಗಳು ತುಂಬಲೇಬೇಕು; ನರ್ಸಿನ ತರಬೇತಿ ಅವನ್ನು ಖಾಲಿ ಬಿಡಲು ನೆಪವಾಗಕೂಡದು. ಆದರೆ ಹರಿಯುವ ರಕ್ತ ಡಾಕ್ಟರಿಗಾಗಿ ಕಾಯುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಪ್ರತಿ ವರ್ಷ, ಸಂಬಳಸಹಿತವಾಗಿ, ತಾಲ್ಲೂಕು ಆಸ್ಪತ್ರೆಯಲ್ಲಿ, ಕನ್ನಡದಲ್ಲಿ, ಕೈಯಾರೆ ಮಾಡಿಸಿ ಕಲಿಸಲಿ. ಗುತ್ತಿಗೆಯ ನರ್ಸುಗಳನ್ನು ಹೊರಗಿಡಬಾರದು. ಆ ದಿನಗಳಲ್ಲಿ ಉಪಕೇಂದ್ರಕ್ಕೆ ಬೀಗ ಬೀಳದಂತೆ ಬದಲಿ ನರ್ಸನ್ನು ಕಳಿಸಲಿ. ಅನಾಹುತವಾದಾಗ ಅವಳನ್ನು ಅಮಾನತು ಮಾಡುವ ಮುನ್ನ, ಕಲಿಸಿದ್ದೆವೇ ಎಂದು ಮೇಲಿನವರು ಮೊದಲು ಉತ್ತರಿಸಲಿ.

ಮುಂದಿನ ಗ್ರಾಮಸಭೆಗೆ ಊರಿಗೆ ಹೋಗುವ ಸಂಗಾತಿಗಳು ಎದ್ದು ನಿಂತು ಒಂದೇ ಪ್ರಶ್ನೆ ಹಾಕಿ: ನಮ್ಮ ನರ್ಸಮ್ಮನಿಗೆ ಕಡೆಯ ಸಲ ಔಷಧದ ಪಾಠ ಹೇಳಿದ್ದು ಯಾವಾಗ? ಉತ್ತರ ಬರುವವರೆಗೆ ಕೂರಬೇಡಿ.