ಮೊದಲು ತಾಳಿಕೆ, ಅನಂತರ ವೇಗ

ಯಂತ್ರದ ಶಕ್ತಿಯನ್ನು ಹೆಚ್ಚಿಸುವುದು ಒಂದು ವಿದ್ಯೆ; ಹೆಚ್ಚಿದ ಶಕ್ತಿಯನ್ನು ಆ ಯಂತ್ರವೇ ತಾಳಿಕೊಳ್ಳುವಂತೆ ಮಾಡುವುದು ಬೇರೊಂದು ವಿದ್ಯೆ. ಮೊದಲನೆಯದಕ್ಕೆ ಇಂದು ಉಪಾಸಕರ ಕೊರತೆಯಿಲ್ಲ. ಕಾರಿನ ಎಂಜಿನ್ನಿಗೆ ಹೆಚ್ಚು ಗಾಳಿ ಹೋಗುವಂತೆ ದಾರಿ ಮಾಡುವುದು, ವಾಲ್ವುಗಳನ್ನು ಇನ್ನಷ್ಟು ಹೊತ್ತು ತೆರೆದಿಡುವ ಕ್ಯಾಮನ್ನು ಜೋಡಿಸುವುದು, ಸುತ್ತುಗಳ ಮಿತಿಯನ್ನು ಕಾಯುವ ವಿದ್ಯುನ್ಮಾನ ಸಾಧನವನ್ನು ತಿದ್ದಿ ಆ ಮಿತಿಯನ್ನೇ ಮೇಲೇರಿಸುವುದು, ಇವೆಲ್ಲ ತರುಣರ ಮನಸ್ಸನ್ನು ಸಹಜವಾಗಿಯೇ ಸೆಳೆಯುತ್ತವೆ. ಎರಡನೆಯ ವಿದ್ಯೆಯ ಕಡೆ ತಿರುಗಿ ನೋಡುವವರು ಮಾತ್ರ ವಿರಳ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದ ಭೌತವಿಜ್ಞಾನವು ದೂರದ ಗ್ರಂಥಾಲಯಗಳಲ್ಲಿ ಅಡಗಿಲ್ಲ. ಪದವಿಪೂರ್ವ ತರಗತಿಯ ಪಠ್ಯಪುಸ್ತಕದಲ್ಲಿಯೇ ಇದೆ.

ಸುತ್ತುಗಳನ್ನು ಹೆಚ್ಚಿಸಬೇಕೆಂಬ ಆಸೆ ಏಕೆ ಹುಟ್ಟುತ್ತದೆ? ಎಂಜಿನ್ನಿನ ಶಕ್ತಿಯೆಂದರೆ ಅದರ ತಿರುಗಿಸುವ ಬಲವನ್ನು ಅದು ಸುತ್ತುವ ವೇಗದಿಂದ ಗುಣಿಸಿದ ಲಬ್ಧ. ತಿರುಗಿಸುವ ಬಲ ಹೆಚ್ಚು ಕಡಮೆ ಎಂಜಿನ್ನಿನ ಗಾತ್ರವನ್ನು ಅವಲಂಬಿಸಿದೆ. ಗಾತ್ರವನ್ನು ಹೆಚ್ಚಿಸದೆ ಶಕ್ತಿಯನ್ನು ಪಡೆಯಬೇಕಾದರೆ ಸುತ್ತುಗಳನ್ನು ಹೆಚ್ಚಿಸುವುದು ಕಣ್ಣೆದುರಿನ ದಾರಿ. ಅದರಿಂದ ಬರುವ ಲಾಭವು ಹೆಚ್ಚೆಂದರೆ ವೇಗದ ಪ್ರಮಾಣದಲ್ಲಿ ಏರುತ್ತದೆ. ತೆರಬೇಕಾದ ಬೆಲೆಯಾದರೋ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಜೋಳದ ಹೊಲದಲ್ಲಿ ಹಕ್ಕಿಗಳನ್ನು ಓಡಿಸಲು ಕವಣೆ ಬೀಸಿದವರಿಗೆ ಇದು ಕೈಯ ಅನುಭವದಿಂದಲೇ ತಿಳಿದಿರುತ್ತದೆ. ಬೀಸುವ ವೇಗವನ್ನು ಎರಡರಷ್ಟು ಮಾಡಿದರೆ ಹಗ್ಗದ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಸುತ್ತುಗಳನ್ನು ನೂರಕ್ಕೆ ೨೦ರಷ್ಟು ಹೆಚ್ಚಿಸಿದವನು ಎಂಜಿನ್ನಿನ ಚಲಿಸುವ ಭಾಗಗಳ ಮೇಲಿನ ಜಡತ್ವದ ಹೊರೆಯನ್ನು ನೂರಕ್ಕೆ ೪೪ರಷ್ಟು ಹೆಚ್ಚಿಸಿದ್ದಾನೆ.

ಒಂದು ನಿಜವಾದ ಎಂಜಿನ್ನನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಿನಿ ಕಾರು ೧೯೫೯ರಲ್ಲಿ ಹೊರಬಂದಾಗ ಅದರ ೮೪೮ ಘನ ಸೆಂಟಿಮೀಟರಿನ ಎಂಜಿನ್ನು ೩೪ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಪಂದ್ಯದ ಕಾರುಗಳ ನಿರ್ಮಾಪಕ ಜಾನ್ ಕೂಪರ್ ಅವರ ಪ್ರೇರಣೆಯಿಂದ ೧೯೬೧ರಲ್ಲಿ ಬಂದ ಮಿನಿ ಕೂಪರಿನಲ್ಲಿ ಎಂಜಿನ್ನು ೯೯೭ ಘನ ಸೆಂಟಿಮೀಟರಿಗೆ ಬೆಳೆದು, ನಿಮಿಷಕ್ಕೆ ೬,೦೦೦ ಸುತ್ತುಗಳಲ್ಲಿ ೫೫ ಅಶ್ವಶಕ್ತಿಯನ್ನು ಕೊಟ್ಟಿತು. ಅದರ ಸ್ಟ್ರೋಕ್, ಎಂದರೆ ಪಿಸ್ಟನ್ನು ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ಚಲಿಸುವ ದೂರ, ೮೧.೨೮ ಮಿಲಿಮೀಟರು. ಆ ವೇಗದಲ್ಲಿ ಪಿಸ್ಟನ್ನು ಒಂದು ಸೆಕೆಂಡಿನೊಳಗೆ ೨೦೦ ಸಲ ನಿಂತು, ೨೦೦ ಸಲ ಹಿಂದಿರುಗಬೇಕು. ಮೇಲಿನ ತುದಿಯಲ್ಲಿ ಅದರ ವೇಗೋತ್ಕರ್ಷವನ್ನು ಲೆಕ್ಕ ಹಾಕಿದರೆ, ಅದು ಗುರುತ್ವದ ವೇಗೋತ್ಕರ್ಷಕ್ಕಿಂತ ಸುಮಾರು ೨,೦೦೦ ಪಟ್ಟು ಹೆಚ್ಚೆಂದು ಕಂಡುಬರುತ್ತದೆ. ಪಿಸ್ಟನ್ನೂ ಅದರೊಡನೆ ಚಲಿಸುವ ಭಾಗಗಳೂ ಸೇರಿ ೩೦೦ ಗ್ರಾಂ ತೂಗುತ್ತವೆಂದು ಇಟ್ಟುಕೊಳ್ಳಿ. ಆ ಕ್ಷಣದಲ್ಲಿ ಅವು ೬೦೦ ಕಿಲೋಗ್ರಾಂ ಭಾರದಷ್ಟು ಎಳೆತವನ್ನು ಕನೆಕ್ಟಿಂಗ್ ರಾಡಿನ ಮೇಲೆ ಹೇರುತ್ತವೆ. ಮಿನಿ ಕಾರಿನ ತೂಕವೇ ಹೆಚ್ಚು ಕಡಮೆ ಅಷ್ಟು! ಹೆಬ್ಬೆರಳಿನ ಗಾತ್ರದ ಉಕ್ಕಿನ ತುಂಡಿಗೆ ಇಡೀ ಕಾರನ್ನು ತೂಗುಹಾಕಿ, ಇಳಿಸಿ, ಮತ್ತೆ ತೂಗುಹಾಕಿದಂತೆ ಇದು. ಸುತ್ತುಗಳನ್ನು ೮,೦೦೦ಕ್ಕೆ ಏರಿಸಿದರೆ ಆ ಎಳೆತ ೧,೦೦೦ ಕಿಲೋಗ್ರಾಮನ್ನು ಮೀರುತ್ತದೆ.

ಎಂಜಿನ್ನನ್ನು ಮುರಿಯುವುದು ಸಿಲಿಂಡರಿನೊಳಗಿನ ಉರಿಯ ಒತ್ತಡ ಎಂದು ಸಾಮಾನ್ಯವಾಗಿ ಜನ ಭಾವಿಸುತ್ತಾರೆ. ಹೆಚ್ಚು ಸುತ್ತುಗಳ ಎಂಜಿನ್ನಿನ ಮಟ್ಟಿಗೆ ಇದು ಅರ್ಧಸತ್ಯ. ಉರಿಯ ಒತ್ತಡವು ರಾಡನ್ನು ಒತ್ತುತ್ತದೆ. ಉಕ್ಕು ಒತ್ತನ್ನು ಚೆನ್ನಾಗಿ ತಾಳುತ್ತದೆ. ಹೊಗೆಯನ್ನು ಹೊರದೂಡಿ ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟಿದಾಗಲಾದರೋ ಅದನ್ನು ತಡೆಯಲು ಮೇಲೆ ಯಾವ ಒತ್ತಡವೂ ಇರುವುದಿಲ್ಲ. ಆಗ ಇಡೀ ಎಳೆತವನ್ನು ರಾಡೂ ಅದರ ಬುಡದ ಎರಡು ಬೋಲ್ಟುಗಳೂ ಹೊರಬೇಕು. ೬,೦೦೦ ಸುತ್ತುಗಳಲ್ಲಿ ಇದು ಸೆಕೆಂಡಿಗೆ ೫೦ ಸಲ, ಗಂಟೆಗೆ ೧,೮೦,೦೦೦ ಸಲ ನಡೆಯುತ್ತದೆ. ಒಂದು ಸಲದ ಎಳೆತಕ್ಕೆ ಜಗ್ಗದ ಲೋಹವು ಲಕ್ಷಾಂತರ ಸಲದ ಎಳೆತಕ್ಕೆ ಸೋಲಬಹುದು. ಲೋಹದ ಈ ದಣಿವನ್ನು ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೈಲುಗಾಡಿಯ ಅಚ್ಚುಗಳ ಮೇಲೆ ಕ್ರಮಬದ್ಧವಾದ ಪ್ರಯೋಗಗಳನ್ನು ನಡೆಸಿ ತೋರಿಸಿಕೊಟ್ಟರು. ದಣಿವಿನ ಬಿರುಕು ಬಹುಮಟ್ಟಿಗೆ ಮೇಲ್ಮೈಯಲ್ಲಿ, ಒಂದು ಗೀರಿನಲ್ಲೋ ಚೂಪಾದ ಮೂಲೆಯಲ್ಲೋ ಹುಟ್ಟುತ್ತದೆ.

ಇಷ್ಟನ್ನು ತಿಳಿದ ಮೇಲೆ ‘ಬಲಪಡಿಸುವುದು’ ಎಂಬ ಮಾತಿನ ಅರ್ಥವೇ ಬದಲಾಗುತ್ತದೆ. ಗೋಡೆಯನ್ನು ಬಲಪಡಿಸಲು ಕಲ್ಲು ಸೇರಿಸುವಂತೆ ಎಂಜಿನ್ನನ್ನು ಬಲಪಡಿಸಲು ಲೋಹ ಸೇರಿಸಿದರೆ ಸಾಕೆಂಬುದು ದೊಡ್ಡ ತಪ್ಪು. ಪಿಸ್ಟನ್ನನ್ನು ದಪ್ಪ ಮಾಡಿದರೆ ಅದು ಭಾರವಾಗುತ್ತದೆ. ಭಾರವಾದ ಪಿಸ್ಟನ್ನು ರಾಡನ್ನು ಇನ್ನಷ್ಟು ಎಳೆಯುತ್ತದೆ. ರಾಡನ್ನು ದಪ್ಪ ಮಾಡಿದರೆ ಆ ಭಾರವೂ ಕ್ರ್ಯಾಂಕ್ ದಂಡದ ತಲೆಯ ಮೇಲೆ. ಇಲ್ಲಿ ಜಾಣತನವಿರುವುದು ಅನಾವಶ್ಯಕವಾದುದನ್ನು ತೆಗೆಯುವುದರಲ್ಲಿ. ಚಲಿಸುವ ಭಾಗಗಳನ್ನು ಹಗುರ ಮಾಡಬೇಕು, ಮೇಲ್ಮೈಯನ್ನು ನಯಗೊಳಿಸಬೇಕು, ಮೂಲೆಗಳನ್ನು ದುಂಡಾಗಿಸಬೇಕು. ರಾಡಿನ ಮೈಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಎರಚುವುದುಂಟು. ಅದರಿಂದ ಹೊರಪದರವು ಒತ್ತಿದ ಸ್ಥಿತಿಯಲ್ಲಿ ನಿಲ್ಲುವುದರಿಂದ ಬಿರುಕು ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಬೋಲ್ಟಿನ ಬಿಗಿತವೂ ಇದೇ ಬಗೆಯ ಸೂಕ್ಷ್ಮ. ಬಿಗಿದ ಬೋಲ್ಟು ಸ್ಪ್ರಿಂಗಿನಂತೆ ತುಸು ಹಿಗ್ಗಿರುತ್ತದೆ. ಆ ಬಿಗಿತವು ಹೊರಗಿನ ಎಳೆತವನ್ನು ಮೀರಿಸುವಷ್ಟಿದ್ದರೆ ಸೇರಿದ ಭಾಗಗಳು ಬೇರ್ಪಡುವುದಿಲ್ಲ, ಬೋಲ್ಟಿಗೆ ತಟ್ಟುವ ಏರಿಳಿತ ಅಲ್ಪವಾಗಿಯೇ ಉಳಿಯುತ್ತದೆ. ಬಿಗಿತ ಸಾಲದಿದ್ದರೆ ಎಷ್ಟೇ ಒಳ್ಳೆಯ ಉಕ್ಕಾದರೂ ಪ್ರತಿ ಸುತ್ತಿನ ಏರಿಳಿತವನ್ನೂ ಉಂಡು ದಣಿಯುತ್ತದೆ.

ಮಿನಿ ಕಾರಿನ ಮುಂದಿನ ಕಥೆ ಈ ವಿವೇಕಕ್ಕೆ ಒಳ್ಳೆಯ ನಿದರ್ಶನ. ೧೯೬೩ರಲ್ಲಿ ಬಂದ ೧,೦೭೧ ಘನ ಸೆಂಟಿಮೀಟರಿನ ಕೂಪರ್ ಎಸ್ ಎಂಜಿನ್ನಿನಲ್ಲಿ ಸ್ಟ್ರೋಕನ್ನು ೬೮.೨೬ ಮಿಲಿಮೀಟರಿಗೆ ಇಳಿಸಿ, ಸಿಲಿಂಡರಿನ ಒಳವ್ಯಾಸವನ್ನು ೭೦.೬ ಮಿಲಿಮೀಟರಿಗೆ ಏರಿಸಿದರು. ೬,೦೦೦ ಸುತ್ತುಗಳಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ೧೬.೩ ಮೀಟರಿನಿಂದ ೧೩.೭ ಮೀಟರಿಗೆ ಇಳಿಯಿತು. ಕ್ರ್ಯಾಂಕ್ ದಂಡವನ್ನು ಮೇಲಾದ ಮಿಶ್ರಲೋಹದ ಉಕ್ಕಿನಿಂದ ಮಾಡಿ, ಅಮೋನಿಯಾ ಅನಿಲದಲ್ಲಿ ಕಾಯಿಸಿ, ಅದರ ಮೇಲ್ಪದರಕ್ಕೆ ಸಾರಜನಕವನ್ನು ಊಡಿಸಿ ಗಡಸುಗೊಳಿಸಿದರು. ದಂಡವು ಮುಖ್ಯ ಬೇರಿಂಗುಗಳಲ್ಲಿ ಕೂರುವೆಡೆಯ ವ್ಯಾಸವನ್ನು ೧.೭೫ ಅಂಗುಲದಿಂದ ೨ ಅಂಗುಲಕ್ಕೆ ಹೆಚ್ಚಿಸಿದರು. ಕಾಲು ಅಂಗುಲದಿಂದ ಏನಾದೀತು ಎನ್ನಬೇಡಿ. ದಂಡದ ಬಿರುಸು ವ್ಯಾಸದ ನಾಲ್ಕನೆಯ ಘಾತದಂತೆ ಬೆಳೆಯುವುದರಿಂದ, ಆ ಭಾಗದ ಬಿರುಸು ನೂರಕ್ಕೆ ೭೦ರಷ್ಟು ಹೆಚ್ಚಿತು. ದಂಡದ ತಿರುಚು ಕಂಪನವನ್ನು ಅಡಗಿಸಲು ತುದಿಯಲ್ಲೊಂದು ಶಾಮಕವನ್ನೂ ಕೂರಿಸಿದರು. ಇಂಥ ಎಂಜಿನ್ನನ್ನು ಹೊತ್ತ ಪುಟ್ಟ ಕಾರು ೧೯೬೪ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಅವರ ಕೈಯಲ್ಲಿ ಗೆದ್ದಿತು. ಹಿಮದ ದಾರಿಗಳಲ್ಲಿ ಹಗಲಿರುಳು ಓಡಬೇಕಾದ ಸ್ಪರ್ಧೆ ಅದು; ಕ್ಷಣಕಾಲದ ಶಕ್ತಿ ಅಲ್ಲಿ ಉಪಯೋಗಕ್ಕೆ ಬಾರದು.

ಇನ್ನೂ ಒಂದು ಪಾಠ ಅಲ್ಲಿದೆ. ೧೯೬೪ರಲ್ಲಿ ಅದೇ ಒಳವ್ಯಾಸದ ಇನ್ನೆರಡು ಎಂಜಿನ್ನುಗಳು ಬಂದವು. ಗಿಡ್ಡ ಸ್ಟ್ರೋಕಿನ ೯೭೦ ಘನ ಸೆಂಟಿಮೀಟರಿನದು ೬,೫೦೦ ಸುತ್ತುಗಳಲ್ಲಿ ೬೫ ಅಶ್ವಶಕ್ತಿಯನ್ನು ಕೊಟ್ಟಿತು. ಉದ್ದ ಸ್ಟ್ರೋಕಿನ ೧,೨೭೫ ಘನ ಸೆಂಟಿಮೀಟರಿನದು ೬,೦೦೦ಕ್ಕೂ ಕಡಮೆ ಸುತ್ತುಗಳಲ್ಲಿಯೇ ೭೬ ಅಶ್ವಶಕ್ತಿಯನ್ನು ಕೊಟ್ಟಿತು. ನಿಯಮವು ಗಾತ್ರವನ್ನು ಕಟ್ಟಿಹಾಕಿದಾಗ ಮಾತ್ರ ಸುತ್ತುಗಳ ಮೊರೆಹೊಗುವುದು ಸರಿ. ಗಾತ್ರಕ್ಕೆ ಅವಕಾಶವಿದ್ದೂ ಸುತ್ತುಗಳ ಬೆನ್ನುಹತ್ತುವುದು ಬರಿಯ ಸದ್ದಿನ ಮೋಹ.

ಕ್ರ್ಯಾಂಕು, ರಾಡುಗಳನ್ನು ಭದ್ರಪಡಿಸಿದರೂ ಕೆಲಸ ಮುಗಿಯಲಿಲ್ಲ. ವಾಲ್ವನ್ನು ಮುಚ್ಚುವ ಸ್ಪ್ರಿಂಗು ಕ್ಯಾಮಿನ ಓಟಕ್ಕೆ ಹೆಜ್ಜೆ ಹಾಕಲಾರದೆ ಹೋದರೆ ವಾಲ್ವು ತೇಲುತ್ತದೆ, ಪಿಸ್ಟನ್ನಿಗೆ ತಗುಲಲೂಬಹುದು. ಉಯ್ಯಾಲೆಯನ್ನು ತಕ್ಕ ಸಮಯಕ್ಕೆ ಮೆಲ್ಲನೆ ತಳ್ಳುತ್ತಿದ್ದರೂ ಅದು ಮೇಲಕ್ಕೇರುವಂತೆ, ಕ್ಯಾಮಿನ ತಾಳವು ಸ್ಪ್ರಿಂಗಿನ ಸಹಜ ಕಂಪನದೊಡನೆ ಹೊಂದಿಬಿಟ್ಟರೆ ಸ್ಪ್ರಿಂಗು ತನ್ನೊಳಗೇ ಅಲೆದಾಡಿ ಹಿಡಿತ ತಪ್ಪುತ್ತದೆ. ಬೇರೆ ಬೇರೆ ಕಂಪನದ ಎರಡು ಸ್ಪ್ರಿಂಗುಗಳನ್ನು ಒಂದರೊಳಗೊಂದು ಇಡುವುದು ಇದಕ್ಕಾಗಿಯೇ. ಇನ್ನು ಎಣ್ಣೆ: ಬೇರಿಂಗಿನೊಳಗೆ ಲೋಹ ಲೋಹವನ್ನು ಮುಟ್ಟದಂತೆ ಕಾಯುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿಯನ್ನು ಹೀರಿತೆಂದರೆ, ಕೆಲವು ಕ್ಷಣಗಳಲ್ಲಿ ಬೇರಿಂಗು ಹಾಳಾದೀತು. ಎಣ್ಣೆಯ ತೊಟ್ಟಿಯಲ್ಲಿ ಅಡ್ಡಗೋಡೆಗಳನ್ನಿಡುವುದು ಅಗ್ಗದ ಕೆಲಸ. ಅದನ್ನು ಮರೆತವನು ತೆರುವ ದಂಡ ಮಾತ್ರ ಅಗ್ಗವಲ್ಲ.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. “ತಯಾರಕರು ಹೇಗೂ ಸಾಕಷ್ಟು ಹೆಚ್ಚಿನ ಬಲವನ್ನು ಇಟ್ಟಿರುತ್ತಾರೆ, ಅದನ್ನು ಬಳಸಿಕೊಂಡರೆ ತಪ್ಪೇನು?” ಎಂದು ಕೇಳುವವರಿದ್ದಾರೆ. ಆ ಹೆಚ್ಚಿನ ಬಲ ಪುಕ್ಕಟೆಯಾಗಿ ಬಿದ್ದಿರುವುದಲ್ಲ. ಎರಕದ ಸಣ್ಣ ದೋಷ, ಹಳೆಯ ಎಣ್ಣೆ, ಬೇಸಗೆಯ ಬಿಸಿಲು, ಎಂಜಿನ್ನಿನ ಮುಪ್ಪು, ಇವುಗಳಿಗಾಗಿ ತೆಗೆದಿಟ್ಟ ಆಪದ್ಧನ ಅದು. “ಕಾರ್ಖಾನೆಯಿಂದಲೇ ೯,೦೦೦ ಸುತ್ತುಗಳ ಕಾರು ಬಂದಿಲ್ಲವೆ?” ಎಂದೂ ಕೇಳಬಹುದು. ಬಂದಿದೆ, ೧೯೯೯ರ ಹೊಂಡಾ ಎಸ್ ೨೦೦೦ ಅಂಥದು. ಆದರೆ ಅದರ ನಕ್ಷೆಯನ್ನು ಬರೆಯುವಾಗಲೇ ಆ ವೇಗವು ಲೆಕ್ಕದಲ್ಲಿ ಸೇರಿತ್ತು. ೬,೦೦೦ಕ್ಕೆಂದು ಹುಟ್ಟಿದ ಎಂಜಿನ್ನಿಗೆ ಅಂಕೆಯನ್ನು ಮಾತ್ರ ಬದಲಾಯಿಸಿದರೆ ಉಕ್ಕು ಬದಲಾಗುವುದಿಲ್ಲ. ಮಿತಿಕಾಯುವ ಸಾಧನವನ್ನೂ ಪೂರ್ತಿ ನಂಬುವಂತಿಲ್ಲ. ಅದು ಇಂಧನವನ್ನೋ ಕಿಡಿಯನ್ನೋ ತಡೆಯಬಲ್ಲುದು, ಅಷ್ಟೆ. ಓಡುವ ಕಾರಿನಲ್ಲಿ ಚಾಲಕನು ತಪ್ಪಿ ಕೆಳಗಿನ ಗೇರಿಗೆ ಹಾಕಿದನೆಂದರೆ ಚಕ್ರಗಳೇ ಎಂಜಿನ್ನನ್ನು ಮಿತಿಯಾಚೆಗೆ ತಿರುಗಿಸುತ್ತವೆ.

ರಾಡು ಮುರಿದರೆ ಅದು ಎಂಜಿನ್ನಿನ ಗೋಡೆಯನ್ನು ಸೀಳಿ ಹೊರಬರಬಹುದು. ಬಿಸಿ ಎಣ್ಣೆ ರಸ್ತೆಗೂ ಚಕ್ರಗಳಿಗೂ ಚೆಲ್ಲಬಹುದು. ಅದರ ಫಲವನ್ನು ಉಣ್ಣುವವನು ಎಂಜಿನ್ನಿನ ಒಡೆಯನೊಬ್ಬನೇ ಅಲ್ಲ. ಹಿಂದೆ ಸ್ಕೂಟರಿನಲ್ಲಿ ಬರುತ್ತಿರುವ ಅಪರಿಚಿತನೂ ಉಣ್ಣಬೇಕಾಗುತ್ತದೆ. ವಾಹನವು ನೋಂದಣಿಯ ವಿವರಗಳಲ್ಲಿ ತಯಾರಕರ ಮೂಲ ವಿವರಣೆಗಿಂತ ಬೇರೆಯಾಗುವಂತೆ ಮಾರ್ಪಾಟು ಮಾಡುವುದನ್ನು ನಮ್ಮ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಡೆಯುತ್ತದೆ. ಕಾನೂನಿನ ಮಾತು ಹಾಗಿರಲಿ. ಇಂಥ ಪ್ರಯೋಗಗಳ ಸ್ಥಾನ ಪ್ರಯೋಗಶಾಲೆ ಮತ್ತು ಪಂದ್ಯದ ಓಣಿ, ಊರಿನ ರಸ್ತೆಯಲ್ಲ ಎಂಬುದು ಭೌತವಿಜ್ಞಾನದ ತೀರ್ಪು ಕೂಡ ಹೌದು.

ಹಾಗೆಂದು ತರುಣರು ಎಂಜಿನ್ನಿಗೆ ಕೈ ಹಾಕಬಾರದೆಂದು ನಾನು ಹೇಳುತ್ತಿಲ್ಲ, ಹಾಕಲೇಬೇಕು. ಆದರೆ ಸ್ಪ್ಯಾನರಿಗಿಂತ ಮೊದಲು ಪೆನ್ಸಿಲನ್ನು ಹಿಡಿಯಲಿ. ಪಿಸ್ಟನ್ನನ್ನು ತಕ್ಕಡಿಯಲ್ಲಿ ತೂಗಲಿ, ಸ್ಟ್ರೋಕನ್ನು ಅಳೆಯಲಿ, ಬಯಸಿದ ವೇಗದಲ್ಲಿ ರಾಡಿನ ಮೇಲೆ ಎಷ್ಟು ಎಳೆತ ಬೀಳುವುದೆಂದು ಲೆಕ್ಕ ಹಾಕಲಿ, ಬೋಲ್ಟು ಅದನ್ನು ಲಕ್ಷಾಂತರ ಸಲ ತಾಳೀತೇ ಎಂದು ಕೇಳಿಕೊಳ್ಳಲಿ. ಉತ್ತರ ‘ಇಲ್ಲ’ ಎಂದು ಬಂದರೆ ಮೊದಲು ಆ ಭಾಗವನ್ನು ಬದಲಾಯಿಸಲಿ, ಇಲ್ಲವೇ ಸುತ್ತುಗಳ ಆಸೆಯನ್ನು ಇಳಿಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಾಣ್ಣುಡಿ ಎಂಜಿನ್ನಿಗೂ ಸಲ್ಲುತ್ತದೆ. ಕಾಲು ಹೆಚ್ಚು ಚಾಚಬೇಕೆಂದರೆ ಹಾಸಿಗೆಯನ್ನು ಮೊದಲು ಹೊಲಿಸತಕ್ಕದ್ದು. ನಿಮ್ಮ ಎಂಜಿನ್ನು ಎಷ್ಟು ಸುತ್ತು ತಿರುಗಿತು ಎಂದು ಯಾರಾದರೂ ಕೇಳಿದರೆ, ಎಷ್ಟು ಗಂಟೆಗಳ ಕಾಲ ತಿರುಗಿತು ಎಂಬುದನ್ನೂ ಸೇರಿಸಿ ಹೇಳಬಲ್ಲವನೇ ನಿಜವಾದ ಎಂಜಿನಿಯರು.