ಒಲೆಯ ಸ್ಟ್ಯಾಂಡಿಗೊಂದು ಕೀಲು ಬೇಡವೆ?

ಬಂಡೀಪುರದ ಕಾಡಂಚಿನ ಹಂಗಳ, ಮಂಗಲ ಮೊದಲಾದ ಊರುಗಳಿಂದ ಹಿಡಿದು ಚಾಮರಾಜನಗರದ ಪೇಟೆಬೀದಿಗಳವರೆಗೆ, ಒಂದು ತಲೆಮಾರಿನ ಹಿಂದೆ ಸೌದೆಯ ಹೊಗೆಯಿಂದ ಗೋಡೆ ಕಪ್ಪಾಗಿ ಹೋಗಿದ್ದ ಎಷ್ಟೋ ಅಡುಗೆಮನೆಗಳಲ್ಲಿ ಇಂದು ಗ್ಯಾಸ್ ಒಲೆಯ ನೀಲಿ ಉರಿ ನೆಲೆಗೊಂಡಿದೆ. 2016ರ ಮೇ 1ರಂದು ಆರಂಭವಾದ ಕೇಂದ್ರ ಸರ್ಕಾರದ ಉಜ್ವಲಾ ಯೋಜನೆ, ಅದರ ಬೆನ್ನಿಗೆ ನಮ್ಮ ರಾಜ್ಯ ಹಮ್ಮಿಕೊಂಡ ಅನಿಲ ಭಾಗ್ಯ, ಕಾಡಿನ ಮೇಲಣ ಒತ್ತಡವನ್ನು ತಗ್ಗಿಸುವ ಉದ್ದೇಶದಿಂದ ಅರಣ್ಯ ಇಲಾಖೆ ಹಂಚಿದ ಸಂಪರ್ಕಗಳು, ಇವೆಲ್ಲವೂ ಸೇರಿ, ಆನೆಯ ಭಯವನ್ನು ಲೆಕ್ಕಿಸದೆ ಸೌದೆಗಾಗಿ ಕಾಡು ಹೊಗಬೇಕಾಗಿದ್ದ ಹೆಂಗಸರ ಬವಣೆಯನ್ನು ಬಹುಮಟ್ಟಿಗೆ ಕಡಮೆ ಮಾಡಿರುವುದು ಯಾರೂ ಅಲ್ಲಗಳೆಯಲಾರದ ಸಂಗತಿ. ಆದರೆ ಉರಿಯನ್ನು ಇಷ್ಟು ಸೊಗಸಾಗಿ ಪಳಗಿಸಿದ ನಮ್ಮ ಶಿಲ್ಪಿಗಳು, ಆ ಉರಿಯ ಮೇಲೆ ಪಾತ್ರೆ ಕೂಡತಕ್ಕ ಆಸನದ ವಿಷಯದಲ್ಲಿ, ಎಂದರೆ ಮನೆಮಂದಿಯೆಲ್ಲರೂ ಸ್ಟ್ಯಾಂಡು ಎಂದು ಕರೆಯುವ ಆ ನಾಲ್ಕು ಕಾಲಿನ ಕಬ್ಬಿಣದ ವಿಷಯದಲ್ಲಿ, ಅದೇ ಶ್ರದ್ಧೆಯನ್ನು ತೋರಿಲ್ಲ. ಆ ಸ್ಟ್ಯಾಂಡು ಹಿಂಬದಿಯಲ್ಲಿ ಕೀಲುಗೊಂಡು, ಕದದಂತೆ ಮೇಲಕ್ಕೆ ತೆರೆದುಕೊಳ್ಳುವಂತೆಯೂ, ಬೇಕೆಂದಾಗ ಯಾವ ಸಲಕರಣೆಯ ನೆರವೂ ಇಲ್ಲದೆ ಕಳಚಿಕೊಳ್ಳುವಂತೆಯೂ, ಅಡುಗೆ ನಡೆಯುವಾಗ ಮಾತ್ರ ತೃಣಮಾತ್ರವೂ ಕದಲದಂತೆಯೂ ಇರಬೇಕೆಂಬುದೇ ಈ ಲೇಖನದ ವಾದ.

ಸ್ಟ್ಯಾಂಡಿನ ಕೆಲಸ ಪಾತ್ರೆಯನ್ನು ಹೊರುವುದಷ್ಟೇ ಎಂದು ತಿಳಿದರೆ ಅದು ಅಲ್ಪದೃಷ್ಟಿಯಾದೀತು. ಉರಿಗೂ ಪಾತ್ರೆಯ ತಳಕ್ಕೂ ನಡುವಣ ಅಂತರವನ್ನು ನಿರ್ಣಯಿಸುವುದು ಅದೇ. ಆ ಅಂತರ ಮಿತಿಮೀರಿ ಕುಗ್ಗಿದರೆ, ತಣ್ಣನೆಯ ತಳಕ್ಕೆ ತಾಗಿದ ಜ್ವಾಲೆ ದಹನವನ್ನು ಪೂರೈಸದೆ ವಿಷವಾದ ಕಾರ್ಬನ್ ಮಾನಾಕ್ಸೈಡನ್ನು ಹೊರಬಿಡುತ್ತದೆ. ಹಿಗ್ಗಿದರೆ, ಹಣ ಕೊಟ್ಟು ಕೊಂಡ ಶಾಖ ಪಾತ್ರೆಯನ್ನು ಮುಟ್ಟದೆ ಗಾಳಿಗೆ ಹೋಗುತ್ತದೆ. ಉರಿಯ ಸುತ್ತ ಗಾಳಿ ಸುಳಿದಾಡಲು ಎಡೆಗೊಡುವುದು, ಬಳಸಿದ ಅನಿಲ ಹೊರಹೋಗಲು ದಾರಿಬಿಡುವುದು, ಪಾತ್ರೆ ವಾಲದಂತೆ ಹಿಡಿದಿಡುವುದು, ಇವು ಅದರ ಉಳಿದ ಕರ್ತವ್ಯಗಳು. ಗೃಹಬಳಕೆಯ ಗ್ಯಾಸ್ ಒಲೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿರುವ ಐಎಸ್ 4246 ಎಂಬ ಮಾನಕವು, ಒಲೆಯ ಶಾಖದಕ್ಷತೆ ಶೇಕಡ 68ಕ್ಕೆ ಕಡಮೆಯಾಗಕೂಡದೆಂದೂ, ಹೊರಬರುವ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡಿಗೆ ಕಾರ್ಬನ್ ಮಾನಾಕ್ಸೈಡಿನ ಪ್ರಮಾಣ 0.02ನ್ನು ಮೀರಕೂಡದೆಂದೂ ವಿಧಿಸಿದೆ. ಈ ಎರಡು ಅಂಕಿಗಳನ್ನೂ ಬರ್ನರು ಒಂದೇ ಸಾಧಿಸಲಾರದು. ಸ್ಟ್ಯಾಂಡಿನ ಎತ್ತರವೂ ಆಕಾರವೂ ಅದರೊಡನೆ ಕೈಜೋಡಿಸಬೇಕು. ಪರೀಕ್ಷಾಲಯದಲ್ಲಿ ಹೊಸ ಒಲೆ ಈ ಅಂಕಿಗಳನ್ನು ಮುಟ್ಟಿದರೆ ಸಾಲದು. ಕಾಲು ಸೊಟ್ಟಗಾಗಿ, ತೊಳೆದವರು ತಿರುವುಮುರುವಾಗಿ ಕೂಡಿಸಿದ ಸ್ಟ್ಯಾಂಡಿನ ಮೇಲೆ ವರ್ಷಾನುವರ್ಷ ಬೇಯಿಸುವಾಗಲೂ ಮುಟ್ಟಬೇಕು.

ಈ ಪ್ರಶ್ನೆ ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುವುದು ಏತಕ್ಕೆಂದರೆ, ಇದು ರಾಗಿಯ ನಾಡು. ಚಹಾ ಕಾಯಿಸುವುದಕ್ಕೂ ಒಗ್ಗರಣೆ ಹಾಕುವುದಕ್ಕೂ ಪಾತ್ರೆ ಸುಮ್ಮನೆ ಕೂತಿದ್ದರೆ ಸಾಕು; ಹಿಟ್ಟು, ಎಂದರೆ ರಾಗಿಮುದ್ದೆ, ಮಾಡುವುದಕ್ಕೆ ಸಾಲದು. ಕುದಿಯುವ ಎಸರಿಗೆ ರಾಗಿಹಿಟ್ಟನ್ನು ಸುರಿದು, ಅದು ಬೆಂದಮೇಲೆ ಗಂಟುಳಿಯದಂತೆ ಕೋಲಿನಿಂದ ತೊಳಸುವಾಗ ತೋಳಿನ ಬಲವೆಲ್ಲವೂ ಪಾತ್ರೆಯ ಪಕ್ಕಗಳ ಮೇಲೆ ಬೀಳುತ್ತದೆ. ಸೌದೆಯ ಒಲೆಯ ಕಾಲದಲ್ಲಿ, ಮಣ್ಣಿನಿಂದಲೇ ಎದ್ದುಬಂದ ಮೂರು ಒಲೆಗುಂಡುಗಳು ಪಾತ್ರೆಯನ್ನು ಅಲುಗದಂತೆ ತಬ್ಬಿ ಹಿಡಿಯುತ್ತಿದ್ದವು. ಇಳಿಸಿದ ಮೇಲೆ ನೆಲದಲ್ಲಿ ಕವೆಗೋಲು ಆ ಕೆಲಸವನ್ನು ಮಾಡುತ್ತಿತ್ತು. ಮೂರು ಬಿಂದುಗಳ ಮೇಲೆ ಕೂತ ಪಾತ್ರೆ ಕುಲುಕುವುದಿಲ್ಲ, ನಾಲ್ಕರ ಮೇಲೆ ಕೂತದ್ದು ಒಂದು ಕಾಲು ಕೂದಲೆಳೆಯಷ್ಟು ತಗ್ಗಿದರೂ ಕುಲುಕುತ್ತದೆ ಎಂಬ ರೇಖಾಗಣಿತವನ್ನು ಆ ಒಲೆ ಹಾಕಿದ ಅಜ್ಜಿಯರು ಯಾವ ಶಾಲೆಯಲ್ಲಿಯೂ ಕಲಿತಿರಲಿಲ್ಲವಾದರೂ ಚೆನ್ನಾಗಿ ಬಲ್ಲವರಾಗಿದ್ದರು. ಈಗಿನ ಒಲೆಯಲ್ಲಿಯಾದರೋ, ಸ್ಟ್ಯಾಂಡು ತನ್ನ ಗುಳಿಗಳಲ್ಲಿ ಸಡಿಲವಾಗಿ ಇಟ್ಟ ವಸ್ತು. ಅದರ ಮೇಲಣ ಪಾತ್ರೆಯೂ ಸಡಿಲವಾಗಿ ಇಟ್ಟದ್ದೇ. ಕೋಲಿನ ಒಂದು ಬಲವಾದ ಎಳೆತಕ್ಕೆ ಎರಡೂ ಒಟ್ಟಿಗೆ ಜರುಗಬಹುದು. ಆದಕಾರಣ ಎಷ್ಟೋ ಮನೆಗಳಲ್ಲಿ ಕುದಿಯುವ ಪಾತ್ರೆಯನ್ನೆತ್ತಿ ನೆಲಕ್ಕಿಳಿಸಿ ತೊಳಸುತ್ತಾರೆ. ಕೆಲವರು ಹಿಟ್ಟಿಗೆಂದೇ ಹಿತ್ತಲಲ್ಲಿ ಸೌದೆಯ ಒಲೆಯನ್ನು ಉಳಿಸಿಕೊಂಡಿದ್ದಾರೆ. ಗ್ಯಾಸಿನ ಬೆಲೆ ಅದಕ್ಕೆ ಮುಖ್ಯ ಕಾರಣವೆಂಬುದು ನಿಜ. ಒಲೆ ಪಾತ್ರೆಯನ್ನು ಹಿಡಿದಿಡಲಾರದೆಂಬುದೂ ಒಂದು ಕಾರಣವೆಂಬುದನ್ನು ಮರೆಯಲಾಗದು.

ಇನ್ನು ಶುಚಿತ್ವದ ಮಾತು. ಹಾಲು ಉಕ್ಕುವುದು, ಅನ್ನದ ಗಂಜಿ ಚೆಲ್ಲುವುದು, ಕುಕ್ಕರು ಸೀಟಿಯೊಡನೆ ಬೇಳೆಯ ನೀರನ್ನು ಚಿಮ್ಮುವುದು, ಇವು ಯಾವ ಮನೆಗೂ ತಪ್ಪಿದ್ದಲ್ಲ. ಹೀಗೆ ಬಿದ್ದದ್ದು ಸ್ಟ್ಯಾಂಡಿನ ಕಾಲುಗಳ ಬುಡದಲ್ಲಿ ಒಣಗಿ ಕಲ್ಲಾಗುತ್ತದೆ. ಬರ್ನರಿನ ರಂಧ್ರಗಳನ್ನು ಮುಚ್ಚುತ್ತದೆ. ರಂಧ್ರ ಮುಚ್ಚಿದ ಉರಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಸುತ್ತದೆ. ಒರಸಬೇಕೆಂದರೆ ಬಿಸಿಯಾರದ ಭಾರದ ಕಬ್ಬಿಣವನ್ನು ಎತ್ತಿ, ಇಡಲು ತಾವು ಹುಡುಕಿ, ಒರಸಿ, ಮತ್ತೆ ಅದರ ಕಾಲುಗಳನ್ನು ಗುಳಿಗೆ ಹೊಂದಿಸಿ ಇಡಬೇಕು. ಈಚೆಗೆ ಬಳಕೆಗೆ ಬಂದಿರುವ ಗಾಜಿನ ಮೈಯ ಒಲೆಗಳಲ್ಲಿ, ಕೈತಪ್ಪಿ ಬಿದ್ದ ಸ್ಟ್ಯಾಂಡು ಗಾಜನ್ನೇ ಒಡೆಯಬಹುದು. ಚಾಮರಾಜನಗರದ ಪ್ರಸಿದ್ಧ ಕರಿಕಲ್ಲಿನ ಕಟ್ಟೆಯ ಮೇಲೆ ಬಿದ್ದರೆ ಕಲ್ಲಿಗೆ ಏನೂ ಆಗದಿದ್ದರೂ ಕಬ್ಬಿಣದ ಎನಾಮೆಲ್ ಲೇಪ ಸಿಡಿದು, ಅಲ್ಲಿಂದ ತುಕ್ಕು ಮೊದಲಾಗುತ್ತದೆ. ಮಣಿಕಟ್ಟಿನ ನೋವಿರುವ ವೃದ್ಧೆಗೆ, ಒಂದೇ ಕೈ ಬಳಸಬಲ್ಲವರಿಗೆ, ಕಣ್ಣು ಕಾಣದವರಿಗೆ ಈ ಕೆಲಸ ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಷ್ಟವಾದ ಕೆಲಸ ನಾಳೆಗೆ ಉಳಿಯುತ್ತದೆ. ನಾಳೆಗೆ ಉಳಿದ ಕೊಳೆ ಇಂದಿನ ಉರಿಯನ್ನು ಕೆಡಿಸುತ್ತದೆ.

ಹಾಗಾದರೆ ಕೀಲಿನ ಸ್ಟ್ಯಾಂಡು ಹೇಗಿರಬೇಕು? ಮೊದಲನೆಯ ನಿಯಮವೆಂದರೆ, ಕೀಲು ಭಾರವನ್ನು ಹೊರಕೂಡದು. ತುಂಬಿದ ಪಾತ್ರೆಯ ತೂಕವೆಲ್ಲವೂ ಗುಳಿಯೊಳಗೆ ಗಟ್ಟಿಯಾಗಿ ಕೂತ ಕಾಲುಗಳ ಮೂಲಕವೇ ಒಲೆಯ ಚೌಕಟ್ಟಿಗೆ ಇಳಿಯಬೇಕು. ಕೀಲಿಗಿರುವುದು ದಾರಿ ತೋರುವ ಕೆಲಸ ಮಾತ್ರ. ಎರಡನೆಯದು, ಕೀಲು ಉರಿಯಿಂದ ದೂರವಾಗಿ ಹಿಂಬದಿಯ ಅಂಚಿನಲ್ಲಿರಬೇಕು. ಅದರಲ್ಲಿ ಹಿಗ್ಗುವಿಕೆಗೆ ಎಡೆ ಇರಬೇಕು. ಮೂವತ್ತು ಸೆಂಟಿಮೀಟರ್ ಉದ್ದದ ಕಬ್ಬಿಣದ ಸರಳು ಮುನ್ನೂರು ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಆ ಒಂದು ಮಿಲಿಮೀಟರನ್ನು ಲೆಕ್ಕಕ್ಕೆ ಹಿಡಿಯದೆ ಬಿಗಿಯಾಗಿ ಕೂಡಿಸಿದ ಕೀಲು ಕೆಲವೇ ದಿನಗಳಲ್ಲಿ ಕಚ್ಚಿಕೊಂಡುಬಿಡುತ್ತದೆ. ಮೂರನೆಯದು, ಅದು ಬಾಗಿಲಿಗೆ ಹಾಕುವ ಮುಚ್ಚಿದ ಬಿಜಾಗರಿಯಂತಿರದೆ ತೆರೆದ ಕೊಕ್ಕೆಯಂತಿರಬೇಕು. ಏಕೆಂದರೆ ಗಂಜಿಯೂ ಜಿಡ್ಡೂ ಹೊಕ್ಕು ಹೊರಬರಲಾರದ ಸಂದು ಅಡುಗೆಮನೆಯಲ್ಲಿ ಜಿರಲೆಗೆ ಕಟ್ಟಿಕೊಟ್ಟ ಮನೆ.

ಕಳಚುವ ಉಪಾಯವೂ ದುರ್ಲಭವಲ್ಲ. ಕೀಲಿನ ಸರಳಿನ ಎರಡು ಪಕ್ಕಗಳನ್ನು ಚಪ್ಪಟೆಮಾಡಿ, ಅದು ಕೂಡುವ ತೊಟ್ಟಿಲ ಬಾಯನ್ನು ಆ ಚಪ್ಪಟೆಯ ದಪ್ಪಕ್ಕೆ ಸರಿಯಾಗಿ ಕಿರಿದುಮಾಡಿದರೆ, ಸ್ಟ್ಯಾಂಡು ನೆಟ್ಟಗೆ ನಿಂತಾಗ ಮಾತ್ರ ಸರಳು ಬಾಯಿಂದ ಹೊರಬರುತ್ತದೆ. ಮಲಗಿದಾಗ ಎಷ್ಟು ಎಳೆದರೂ ಬರುವುದಿಲ್ಲ. ಒಂದೇ ಉಪಾಯದಿಂದ ಬಿಗಿತವೂ ಬಿಡುಗಡೆಯೂ ದೊರೆತಂತಾಯಿತು. ಕಳೆದುಹೋಗುವ ಸ್ಕ್ರೂ ಇಲ್ಲ, ಮುರಿಯುವ ಸ್ಪ್ರಿಂಗ್ ಇಲ್ಲ. ತೆರೆದ ಸ್ಟ್ಯಾಂಡು ಲಂಬರೇಖೆಯನ್ನು ತುಸು ದಾಟಿ ಹಿಂದಕ್ಕೆ ಒರಗಿ ನಿಲ್ಲಬೇಕು, ಇಲ್ಲವಾದರೆ ಒರಸುವ ಕೈಯ ಮೇಲೆ ಅದು ಬಿದ್ದೀತು. ಎತ್ತುವ ಹಿಡಿ ಉರಿಗೆ ದೂರವಾಗಿ ಮುಂಬದಿಯಲ್ಲಿರಬೇಕು. ಒಂದೊಂದು ಬರ್ನರಿಗೂ ಪ್ರತ್ಯೇಕವಾದ ಸ್ಟ್ಯಾಂಡು ಇದ್ದರೆ, ಒಂದರ ಮೇಲೆ ಸಾರು ಕುದಿಯುತ್ತಿರುವಾಗಲೇ ಆರಿದ ಇನ್ನೊಂದನ್ನು ಎತ್ತಿ ಒರಸಬಹುದು. ಕಾಲುಗಳ ಒಳತುದಿ ಚಿಕ್ಕ ಲೋಟವನ್ನು ಹೊರುವಷ್ಟು ನಡುವಿಗೆ ಚಾಚಿ, ಹೊರತುದಿ ಹಿಟ್ಟಿನ ಪಾತ್ರೆಯ ಪಕ್ಕವನ್ನು ತಡೆಯುವಷ್ಟು ಮೇಲಕ್ಕೆದ್ದಿದ್ದರೆ, ಒಲೆಗುಂಡಿನ ಗುಣ ಕಬ್ಬಿಣಕ್ಕೆ ಬಂದಂತಾಗುತ್ತದೆ. ಸಮುದ್ರದ ಅಲೆಗೆ ತೂಗಾಡುವ ದೋಣಿಗಳ ಅಡುಗೆಯ ಒಲೆಗಳಲ್ಲಿ ಪಾತ್ರೆಯನ್ನು ಕಚ್ಚಿ ಹಿಡಿಯುವ ಸರಳುಗಳನ್ನು ಬಹುಕಾಲದಿಂದ ಅಳವಡಿಸುತ್ತ ಬಂದಿದ್ದಾರೆ. ನಮ್ಮಲ್ಲಿ ನೆಲ ತೂಗದಿದ್ದರೂ ಹಿಟ್ಟಿನ ಕೋಲು ಪಾತ್ರೆಯನ್ನು ತೂಗುತ್ತದಷ್ಟೆ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಕೀಲಿನಿಂದ ಒಲೆಯ ಬೆಲೆ ಏರುವುದೆಂದು ತಯಾರಕರು ಹೇಳಿಯಾರು. ಮೇಲೆ ಹೇಳಿದ ಬಗೆಯ ಕೀಲಿಗೆ ಬೇಕಾದುದು ಬಾಗಿಸಿದ ಒಂದು ಸರಳು, ಚೌಕಟ್ಟಿನ ತಗಡಿನಲ್ಲಿಯೇ ಒತ್ತಿ ತೆಗೆದ ಎರಡು ತೊಟ್ಟಿಲು; ಒಲೆಯ ಮೈಗೆ ಮೂಡಿಸುವ ಹೂಬಳ್ಳಿಯ ಚಿತ್ತಾರಕ್ಕೆ ತಗಲುವ ವೆಚ್ಚವನ್ನು ಸಹಿಸುವವರು ಇದನ್ನು ಸಹಿಸಲಾರರೆಂಬುದನ್ನು ನಂಬುವುದು ಕಷ್ಟ. ಕೀಲು ಕೆಟ್ಟರೆ ಒಲೆಯೇ ನಿಷ್ಪ್ರಯೋಜಕವಾಗುವುದಲ್ಲವೆ ಎಂಬುದು ಇನ್ನೊಂದು ಶಂಕೆ; ಭಾರವನ್ನು ಕಾಲುಗಳೇ ಹೊರುವುದರಿಂದ ಕೀಲು ಮುರಿದ ದಿನವೂ ಅಡುಗೆ ನಿಲ್ಲದು, ಸ್ಟ್ಯಾಂಡು ಇಂದಿನಂತೆ ಸಡಿಲವಾದ ಸ್ಟ್ಯಾಂಡಾಗಿ ಉಳಿದೀತು, ಅಷ್ಟೆ. ಭಾರವಾದ ಎರಕದ ಕಬ್ಬಿಣವೇ ಅಲುಗದೆ ಕೂಡುವುದರಿಂದ ಕೀಲೇಕೆ ಎನ್ನುವವರೂ ಉಂಟು. ಎರಕದ ಕಬ್ಬಿಣ ಶಾಖವನ್ನು ತಾಳುತ್ತದೆ, ನಿಜ; ಆದರೆ ಅದು ಬಿದ್ದರೆ ಬಿರಿಯುವ ಲೋಹ, ಮತ್ತು ಅದರ ಭಾರ ದಿನವೂ ಬೀಳುವುದು ಎತ್ತುವವರ ಕೈಗೆ. ಅಂಗಡಿಯಲ್ಲಿ ಒಲೆಯನ್ನು ಆಯ್ದುಕೊಳ್ಳುವವರು ಗಂಡಸರು, ಮನೆಯಲ್ಲಿ ಸ್ಟ್ಯಾಂಡನ್ನು ಎತ್ತುವವರು ಹೆಂಗಸರು ಎಂಬ ವ್ಯವಸ್ಥೆ ಎಲ್ಲಿಯವರೆಗೆ ನಡೆಯುವುದೋ ಅಲ್ಲಿಯವರೆಗೆ ಈ ಭಾರ ಯಾರ ಲೆಕ್ಕಕ್ಕೂ ಬರಲಾರದು.

ಒಲೆಯ ವಿಚಾರವನ್ನು ವಿದ್ವಾಂಸರು ಕೈಗೆತ್ತಿಕೊಳ್ಳುವುದು ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಹುಟ್ಟಿದ ಅಸ್ತ್ರ ಕೇಂದ್ರವು, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ನೆಲೆಯೂರಿ, ಹಳ್ಳಿಯವರು ಹೇಗೆ ಬೇಯಿಸುತ್ತಾರೆ, ಎಷ್ಟು ಸೌದೆ ಸುಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಅಭ್ಯಸಿಸಿತು. ಅಸ್ತ್ರ ಒಲೆ ಆ ಅಭ್ಯಾಸದ ಫಲ. ಮೂರು ಪಾತ್ರೆಗಳು ಒಲೆಯ ಬಾಯೊಳಗೇ ಇಳಿದು ಕೂತು, ಹೊಗೆ ಕೊಳವೆಯಿಂದ ಹೊರಹೋಗುವಂತೆ ರಚಿತವಾದ ಆ ಒಲೆಯಲ್ಲಿ, ಪಾತ್ರೆ ಕೂಡುವ ಬಾಯಿಯೇ ಶಾಖದ ಉಳಿತಾಯಕ್ಕೆ ಮೂಲವಾಗಿತ್ತು. ಸೌದೆಯ ಒಲೆಗೆ ಸಂದ ಈ ಗೌರವ ಗ್ಯಾಸ್ ಒಲೆಗೆ ಸಲ್ಲದಿರುವುದಕ್ಕೆ, ಅದು ಕಾರ್ಖಾನೆಯಿಂದ ಸಿದ್ಧವಾಗಿ ಬರುವ ವಸ್ತು, ಅದರಲ್ಲಿ ನಾವು ಹೇಳತಕ್ಕದ್ದೇನೂ ಇಲ್ಲ ಎಂಬ ನಮ್ಮ ಭಾವನೆಯೇ ಕಾರಣ.

ಆ ಭಾವನೆಯನ್ನು ತೊರೆಯಲು ಚಾಮರಾಜನಗರ ಜಿಲ್ಲೆಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ಊಟಿಗೂ ವಯನಾಡಿಗೂ ದಾರಿಗಳು ಕವಲೊಡೆಯುವ ಗುಂಡ್ಲುಪೇಟೆಯಲ್ಲಿ, ಪ್ರಯಾಣಿಕರಿಗಾಗಿ ಬೆಳಗಿನಿಂದ ರಾತ್ರಿಯವರೆಗೆ ಒಲೆ ಆರಿಸದ ಹೋಟೆಲುಗಳಿವೆ. ಒಂದು ಸ್ಟ್ಯಾಂಡು ಎಷ್ಟು ಬಳಕೆಯನ್ನು ತಾಳೀತೆಂಬುದಕ್ಕೆ ಅವುಗಳಿಗಿಂತ ಕಠಿನವಾದ ಪರೀಕ್ಷೆ ಯಾವ ಪ್ರಯೋಗಶಾಲೆಯಲ್ಲಿಯೂ ದೊರೆಯದು. ಕಿಟಕಿಯ ಸರಳನ್ನೂ ಗೇಟಿನ ಕೀಲನ್ನೂ ನಿತ್ಯವೂ ಬಾಗಿಸಿ ಬೆಸೆಯುವ ವೆಲ್ಡಿಂಗ್ ಅಂಗಡಿಗಳು ಗುಂಡ್ಲುಪೇಟೆ, ಚಾಮರಾಜನಗರ ಎರಡು ಊರುಗಳಲ್ಲಿಯೂ ಇವೆ. ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಬದನಗುಪ್ಪೆ–ಕೆಲ್ಲಂಬಳ್ಳಿಯ ಕೈಗಾರಿಕಾ ಪ್ರದೇಶವಿದೆ. ವರ್ಷವರ್ಷವೂ ಪ್ರಾಜೆಕ್ಟಿಗೆ ವಿಷಯವನ್ನು ಅರಸುವ ವಿದ್ಯಾರ್ಥಿಗಳು ಹಿಟ್ಟು ತೊಳಸುವಾಗ ಪಾತ್ರೆಯ ಮೇಲೆ ಬೀಳುವ ಬಲವನ್ನು ಒಮ್ಮೆ ಅಳೆದು ನೋಡಲಿ. ಅವರ ತಾಯಂದಿರು ಪರೀಕ್ಷಕರಾಗಲಿ. ಆದರೆ ಒಂದೆಚ್ಚರಿಕೆ: ಸ್ಟ್ಯಾಂಡಿನ ಎತ್ತರ ಬದಲಾದರೆ ದಹನವೂ ಬದಲಾಗುವುದರಿಂದ, ಮನೆಯಲ್ಲಿರುವ ಒಲೆಗೆ ತೋಚಿದಂತೆ ಕಬ್ಬಿಣ ಬೆಸೆಯುವುದು ಅಪಾಯಕರ, ಹೊಸ ಮಾದರಿ ಪರೀಕ್ಷೆಗೊಳಗಾಗಿ ಐಎಸ್‌ಐ ಗುರುತನ್ನು ಪಡೆದ ಮೇಲೆಯೇ ಅಡುಗೆಮನೆಗೆ ಬರತಕ್ಕದ್ದು.

ಸರ್ಕಾರವು ಬಡಕುಟುಂಬಗಳಿಗೆ ಒಲೆಗಳನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ, ಎತ್ತಿ ಒರಸಲು ಬರುವ, ತೊಳಸಿದರೆ ಅಲುಗದ ಸ್ಟ್ಯಾಂಡು ಇರಬೇಕೆಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ. ಮಾನಕ ಬ್ಯೂರೋ ಪಕ್ಕದಿಂದ ಬೀಳುವ ಬಲಕ್ಕೂ ಶುಚಿಗೊಳಿಸುವ ಸೌಕರ್ಯಕ್ಕೂ ತಕ್ಕ ಪರೀಕ್ಷೆಯನ್ನು ವಿಧಿಸುವ ವಿಚಾರ ಮಾಡಲಿ. ಓದುಗರಲ್ಲಿ ಪ್ರಾರ್ಥಿಸುವುದು ಇಷ್ಟೆ: ಮುಂದಿನ ಸಲ ಒಲೆ ಕೊಳ್ಳಲು ಹೋದಾಗ, ಹೊಳೆಯುವ ಗಾಜನ್ನು ಮೆಚ್ಚುವ ಮೊದಲು ಸ್ಟ್ಯಾಂಡನ್ನು ಒಂದು ಕೈಯಿಂದ ಎತ್ತಿ ನೋಡಿ, ಪಕ್ಕಕ್ಕೆ ಅಲುಗಿಸಿ ನೋಡಿ, ಅದು ನಿಮಗೆ ಒಪ್ಪಿಗೆಯಾಗದಿದ್ದರೆ ಏತಕ್ಕೆ ಒಪ್ಪಿಗೆಯಾಗಲಿಲ್ಲವೆಂಬುದನ್ನು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ ಬನ್ನಿ.